ಕೈ ಪಳಗಬೇಕಾದರೆ ಕೈಗೇ ಕೆಲಸ ಬೇಕು

ಪತ್ರ: ಕೋವಿಡ್ ಕಾಲದಲ್ಲಿ ಎಂ.ಎಸ್. (ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ) ಮಾಡಿದ ಸರ್ಜನ್ ಹತ್ತಿರ ಹರ್ನಿಯಾ ಆಪರೇಷನ್ ಮಾಡಿಸಿಕೊಳ್ಳಲು ಭಯವಾಗುತ್ತದೆ. ಆದರೂ ಈಗ ವಿಡಿಯೊ, ವೆಬಿನಾರ್, ಸಿಮ್ಯುಲೇಟರ್ ಎಲ್ಲ ಇರುವಾಗ ತರಬೇತಿ ಕೆಟ್ಟಿತೆಂದು ಕೊರಗುವುದು ಅತಿಯಲ್ಲವೇ?
– ಓದುಗರೊಬ್ಬರು, ಬಸವನಗುಡಿ

ಸಂಪಾದಕರ ಉತ್ತರ: ವಿಡಿಯೊ ಸಾಕು ಅನ್ನುವುದಾದರೆ ನಿಮಗೆ ಭಯವೇಕೆ ಸ್ವಾಮಿ? ನಿಮ್ಮ ಎರಡನೇ ಮಾತಿಗಿಂತ ಮೊದಲನೆಯದೇ ಸರಿ. ವೆಬಿನಾರ್‌ನಿಂದ ಲಾಭವೇ ಆಗಲಿಲ್ಲ ಎನ್ನಲಾರೆ. ಅಂಗರಚನೆ ಮನದಟ್ಟಾಗುತ್ತದೆ, ಆಪರೇಷನ್ನಿನ ಹಂತಗಳು ಬಾಯಿಗೆ ಬರುತ್ತವೆ. ಕೈಗೆ ಬರುವುದಿಲ್ಲ.

2020ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು. ಅದು ಬೇಕಾಗಿತ್ತು, ಆ ಬಗ್ಗೆ ತಕರಾರಿಲ್ಲ. ಆದರೆ ಎಲ್ಲೆಡೆ ಮೊದಲು ಮುಂದೂಡಿದ್ದು ಹರ್ನಿಯಾ, ಹೈಡ್ರೊಸೀಲ್, ಪಿತ್ತಕೋಶದ ಕಲ್ಲು. ಅಂದರೆ ಹೊಸ ಪಿಜಿಗಳ, ಅಂದರೆ ಸರ್ಜರಿ ಕಲಿಯುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳ, ಕೈಗೆ ಸಿಗುವ ಕೇಸುಗಳನ್ನೇ. ಕೋವಿಡ್ ಉಲ್ಬಣಿಸಿದ 12 ವಾರಗಳಲ್ಲಿ ಜಗತ್ತಿನಾದ್ಯಂತ ಸುಮಾರು 2.84 ಕೋಟಿ ಆಪರೇಷನ್‌ಗಳು ರದ್ದಾಗುತ್ತವೆ ಅಥವಾ ಮುಂದಕ್ಕೆ ಹೋಗುತ್ತವೆ ಎಂದು ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಅಂದಾಜು ಬಂದಿತ್ತು. ಕರುಳು ತೂತಾಗಿ ಬಂದವರನ್ನು ಕಾಯಿಸುವಂತಿರಲಿಲ್ಲ, ನಿಜ. ಆದರೆ ಸೋಂಕಿನ ಭಯಕ್ಕೆ ಥಿಯೇಟರಿನಲ್ಲಿ ಆದಷ್ಟು ಕಡಿಮೆ ಜನ, ಆದಷ್ಟು ಬೇಗ ಮುಗಿಸುವ ಕೈ. ಕಲಿಯುವವರು ಬಾಗಿಲಾಚೆ.

ನಿಮ್ಮ ಹರ್ನಿಯಾವನ್ನೇ ತೆಗೆದುಕೊಳ್ಳಿ. ತೊಡೆಸಂದಿನಲ್ಲಿ ಮೆಶ್ (ದುರ್ಬಲ ಜಾಗಕ್ಕೆ ಆಸರೆಯಾಗುವ ಬಲೆ) ಕೂರಿಸುವಾಗ ಅದರ ಒಳತುದಿ ಪ್ಯೂಬಿಕ್ ಮೂಳೆಯ ಗುಬಟನ್ನು ದಾಟಿ ಒಂದೂವರೆ, ಎರಡು ಸೆಂಟಿಮೀಟರ್ ಮುಂದಕ್ಕೆ ಹೋಗಬೇಕು. ಕಡಿಮೆಯಾದರೆ ಹರ್ನಿಯಾ ಅಲ್ಲೇ ಮತ್ತೆ ತಲೆ ಎತ್ತುತ್ತದೆ. ಮೊದಲ ಹೊಲಿಗೆಯನ್ನು ಮೂಳೆಯ ಮೇಲಿನ ಗಟ್ಟಿ ಅಂಗಾಂಶಕ್ಕೆ ಹಾಕಬೇಕು, ಮೂಳೆಯ ಪೊರೆಗೆ ತಾಗಿಸಬಾರದು. ತಾಗಿಸಿದರೆ ವರ್ಷಗಟ್ಟಲೆ ನೋವು ಉಳಿಯಬಹುದು. ಸೂಜಿ ಎಷ್ಟು ಆಳಕ್ಕೆ ಇಳಿಯಿತೆಂಬುದು ಪರದೆಯಲ್ಲಿ ಕಾಣುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಅದೂ ಎದುರಿಗೆ ನಿಂತ ಸೀನಿಯರ್ 'ಆಳವಾಯಿತು, ತೆಗಿ' ಎಂದು ತಡೆದಾಗ.

ಸಿಮ್ಯುಲೇಟರ್ ಬೇಕೇ ಬೇಕು. ಅದಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರವೇ ಆಗಬೇಕೆಂದಿಲ್ಲ. ಶಿವಾಜಿನಗರದಿಂದ ಮೇಕೆಯ ಬೋಟಿ ತಂದು, ತೊಳೆದು, ಕತ್ತರಿಸಿ, 3-0 ವಿಕ್ರಿಲ್ ಎಂಬ ಹೊಲಿಗೆ ದಾರದಲ್ಲಿ ಮತ್ತೆ ಜೋಡಿಸಲಿ. ಅಂಚಿನಿಂದ ನಾಲ್ಕೈದು ಮಿಲಿಮೀಟರ್ ಒಳಗೆ, ಹೊಲಿಗೆಯಿಂದ ಹೊಲಿಗೆಗೂ ಅಷ್ಟೇ ಅಂತರ. ಎರಡೂ ಬದಿ ಕ್ಲ್ಯಾಂಪ್ ಹಾಕಿ ಸಿರಿಂಜಿನಲ್ಲಿ ಬಣ್ಣದ ನೀರು ತುಂಬಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ. ಕೊಬ್ಬು ಅಂಚನ್ನು ಮುಚ್ಚುವುದರಿಂದ ಮೆಸೆಂಟರಿ (ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಹಿಡಿದಿಡುವ ಪೊರೆ) ಅಂಟಿದ ಬದಿಯಲ್ಲಿ ಸೋರುವುದು ಹೆಚ್ಚು. ಗಂಟು ಬಿಗಿಯಾದರೆ ದಾರ ಕರುಳನ್ನೇ ಸೀಳುತ್ತದೆ. ಆದರೆ ಬೋಟಿಯಲ್ಲಿ ರಕ್ತ ಹರಿಯುವುದಿಲ್ಲ. ಬಿಗಿದ ಗಂಟಿನಿಂದ ರಕ್ತಸಂಚಾರ ನಿಂತು ಜೋಡಣೆ ಐದಾರು ದಿನಕ್ಕೆ ಬಿಚ್ಚಿಕೊಳ್ಳುವುದನ್ನು ಅದು ಹೇಳಿಕೊಡಲಾರದು. ಮೊದಲು ಬೋಟಿ, ಆಮೇಲೆ ಸೀನಿಯರ್ ಪಕ್ಕದಲ್ಲಿ ರೋಗಿ. ಒಂದಿದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ.

ಇಷ್ಟು ಅಗ್ಗದ ಅಭ್ಯಾಸಕ್ಕೂ ಕೆಲವು ಕಾಲೇಜುಗಳ ಸ್ಕಿಲ್ ಲ್ಯಾಬಿನ ಬೀಗ ತೆಗೆಯುವುದು ಇನ್‌ಸ್ಪೆಕ್ಷನ್ ದಿನ ಮಾತ್ರ. ಇದು ನನ್ನ ಹೊಟ್ಟೆಯುರಿ. ಇನ್ನೊಂದು: 2021ರ ಏಪ್ರಿಲ್ 18ಕ್ಕೆ ನಿಗದಿಯಾಗಿದ್ದ ನೀಟ್ ಪಿಜಿ (ಪಿಜಿ ಸೀಟಿನ ಪ್ರವೇಶ ಪರೀಕ್ಷೆ) ನಡೆದದ್ದು ಸೆಪ್ಟೆಂಬರ್ 11ಕ್ಕೆ, ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಹೊಸ ಬ್ಯಾಚ್ ಬರಲಿಲ್ಲ, ಮೂರು ಬ್ಯಾಚಿನ ಕೆಲಸ ಎರಡರ ಹೆಗಲಿಗೆ ಬಿತ್ತು. ಡಿಸ್ಚಾರ್ಜ್ ಸಮ್ಮರಿ ಬರೆಯುವುದು, ಬ್ಲಡ್ ಬ್ಯಾಂಕಿಗೆ ಓಡುವುದು, ಟ್ರಾಲಿ ತಳ್ಳುವುದು ಪಿಜಿಗಳ ಪಾಲಿಗೆ ಕೋವಿಡ್‌ಗೆ ಮುಂಚೆಯೂ ಇತ್ತು, ಈಗಲೂ ಇದೆ. ಭವಿಷ್ಯದ ಸರ್ಜನ್‌ಗಳನ್ನು ಗುಮಾಸ್ತರಾಗಿ ದುಡಿಸಿಕೊಳ್ಳುವ ಆಸ್ಪತ್ರೆಗಳಿಗೆ ಸಾಂಕ್ರಾಮಿಕ ಒಂದು ನೆಪ ಕೊಟ್ಟಿತಷ್ಟೆ. ಲಾಗ್‌ಬುಕ್ಕಿನಲ್ಲಿ 'ಅಸಿಸ್ಟ್ ಮಾಡಿದೆ' ಎಂಬ ಒಂದು ಸಾಲು ಸಾಲದು. ಹರ್ನಿಯಾದ ಚೀಲ ಬಿಡಿಸಿದ್ದು ಯಾರು, ಮೆಶ್ ಹೊಲಿದದ್ದು ಯಾರು ಎಂದು ಹಂತಹಂತವಾಗಿ ಬರೆಸಬೇಕು.

ನೀವು ಸರ್ಜನ್ ಓದಿದ ವರ್ಷ ನೋಡಿ ಹಿಂಜರಿಯಬೇಡಿ. ಕಳೆದುಹೋದ ಕೇಸುಗಳನ್ನು ಪಿಜಿ ಮುಗಿದ ಮೇಲಿನ ಸೀನಿಯರ್ ರೆಸಿಡೆನ್ಸಿಯಲ್ಲಿ ದುಡಿದು ತುಂಬಿಕೊಂಡವರು ಇದ್ದಾರೆ. ಈ ಆಪರೇಷನ್ ಸ್ವತಃ ಎಷ್ಟು ಮಾಡಿದ್ದೀರಿ, ತೊಡಕಾದರೆ ಜೊತೆಗೆ ಯಾರಿರುತ್ತಾರೆ ಎಂದು ನೇರವಾಗಿ ಕೇಳಿ. ಸೀನಿಯರ್ ಎದುರಿಗೆ ನಿಂತು ಪಿಜಿಯೊಬ್ಬರ ಕೈಯಲ್ಲಿ ಹೊಲಿಗೆ ಹಾಕಿಸುತ್ತೇವೆ ಎಂದರೆ, ದಯವಿಟ್ಟು ಒಪ್ಪಿಕೊಳ್ಳಿ.