ಕೆಂಪು ಫಿಲ್ಟರ್‌ಗೆ ದುಡ್ಡು ಹಾಕಬೇಡಿ

ಕಾಪು ಬೀಚಿನ ಕಪ್ಪು-ಬಿಳುಪು ಫೋಟೋಗಳಲ್ಲಿ ಆಕಾಶ ಬರೀ ಬೆಳ್ಳಗೆ ಬರುತ್ತಿದೆ, ಕೆಂಪು ಫಿಲ್ಟರ್ ಕೊಳ್ಳಲಾ ಅಂತ ಕೇಳಿದ್ದೀರಿ. ನಿಮ್ಮದು ಡಿಜಿಟಲ್ ಕ್ಯಾಮೆರಾ ಅಲ್ವಾ? ಹಾಗಾದರೆ ಬೇಡ. ಫಿಲ್ಮ್‌ನಲ್ಲಿ ಅದು ನೀಲಿ ಬೆಳಕನ್ನು ತಡೆದು ಆಕಾಶವನ್ನು ಕಪ್ಪಾಗಿಸುತ್ತದೆ, ಬಿಳಿ ಮೋಡ ಎದ್ದು ಕಾಣುತ್ತದೆ. ನೀವು ಕಲರ್‌ನಲ್ಲೇ, ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲ್) ತೆಗೆಯಿರಿ. ಆಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕಪ್ಪು-ಬಿಳುಪು ಮಾಡುವಾಗ ನೀಲಿ ಸ್ಲೈಡರ್ ಇಳಿಸಿದರೆ ಅದೇ ಕೆಲಸ ಆಗುತ್ತದೆ. ಜಾಸ್ತಿ ಇಳಿಸಬೇಡಿ, ಆಕಾಶದ ತುಂಬಾ ರವೆ ಚೆಲ್ಲಿದ ಹಾಗೆ ನಾಯ್ಸ್ ಬರುತ್ತದೆ.

ಮಳೆಗಾಲದ ಬೂದು ಮೋಡದ ವಿಷಯ ಬೇರೆ. ಅಲ್ಲಿ ನೀಲಿಯೇ ಇರುವುದಿಲ್ಲ, ಹಾಗಾಗಿ ಫಿಲ್ಟರೂ ಸ್ಲೈಡರೂ ಉಪಯೋಗಕ್ಕೆ ಬರುವುದಿಲ್ಲ. ಎಲ್ಲ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕು) ಮೇಲೆ ನಿಂತಿದೆ. ಮೋಡದ ಹೊಳೆಯುವ ಅಂಚು ಪೂರ್ತಿ ಬಿಳಿಯಾಗದ ಹಾಗೆ ಹಿಸ್ಟೋಗ್ರಾಮ್ (ಫೋಟೋದ ಕಪ್ಪು-ಬಿಳಿ ಪ್ರಮಾಣ ತೋರಿಸುವ ಗ್ರಾಫ್) ನೋಡಿಕೊಂಡು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧದಷ್ಟು, ಕಡಿಮೆ ಮಾಡಿ. ಮರಳು ಕಪ್ಪಾದರೆ ಪರವಾಗಿಲ್ಲ, ಆಮೇಲೆ ಎತ್ತಬಹುದು. ಹೋದ ಬಿಳಿ ವಾಪಸ್ ಬರುವುದಿಲ್ಲ.

ಏನಾದರೂ ಕೊಳ್ಳಲೇಬೇಕು ಅಂದರೆ ಪೋಲರೈಸರ್ (ಲೆನ್ಸ್ ಮುಂದೆ ಹಾಕಿ ತಿರುಗಿಸುವ, ಆಕಾಶವನ್ನು ಗಾಢವಾಗಿಸುವ ಫಿಲ್ಟರ್) ತಗೊಳ್ಳಿ. ಸೂರ್ಯನಿಗೆ 90 ಡಿಗ್ರಿ ಅಡ್ಡಕ್ಕಿರುವ ಆಕಾಶದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ, ಸಂಜೆ ಸಮುದ್ರದ ಕಡೆ ಹಿಡಿದರೆ ಸುಮ್ನೆ ವ್ಯರ್ಥ. ದಡದ ಉದ್ದಕ್ಕೆ, ಉತ್ತರಕ್ಕೋ ದಕ್ಷಿಣಕ್ಕೋ ತಿರುಗಿಸಿ. ಆಗ ಓರೆ ಬೆಳಕಿಗೆ ಮರಳಿನ ಗೆರೆಗಳೂ ಚೆನ್ನಾಗಿ ಎದ್ದು ಕಾಣುತ್ತವೆ, ಬಂಡೆ ಮೇಲಿನ 1901ರ ಲೈಟ್‌ಹೌಸನ್ನೂ ಚೌಕಟ್ಟಿನೊಳಗೆ ತರಬಹುದು.

ಸೆಪ್ಟೆಂಬರ್ ಕೊನೆಗೆ ಹೋಗಿ. ಮಳೆ ಬಿಡುವು ಕೊಟ್ಟಾಗ ನೀಲಿ ಆಕಾಶದಲ್ಲಿ ದೊಡ್ಡ ದೊಡ್ಡ ಮೋಡ ಸಿಗುತ್ತದೆ. ಬಂಡೆಗಳ ಮೇಲೆ ಇನ್ನೂ ಪಾಚಿ ಇರುತ್ತದೆ, ಟ್ರೈಪಾಡ್ ಇಡುವಾಗ ಜೋಪಾನ.