ಅದು ಸಿಟ್ಟಲ್ಲ, ಕತ್ತಲೆ ಇರಬೇಕು

ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ಕೇಂದ್ರ ಮೈತ್ರಿಯಲ್ಲಿ ಜೊತೆಗಿರುವ ನಿಮ್ಮ ಹುಡುಗ ಜೂನ್‌ನಿಂದ ಮಾತು ಬಿಟ್ಟಿದ್ದಾನೆ, ಮುಗೀತಾ ಅಂತ ಕೇಳಿದ್ದೀರಿ. ಮೊದಲು ಕತ್ತಲೆಯನ್ನೇ ಅನುಮಾನಿಸಿ. ಅಲ್ಲಿ ಸುಮಾರು 2 ತಿಂಗಳು ಸೂರ್ಯ ಹುಟ್ಟುವುದಿಲ್ಲ, ನಿದ್ದೆ ಕೆಡುತ್ತದೆ, ಸುಮ್ನೆ ಸಿಡುಕು ಬರುತ್ತದೆ. ನನ್ನವನೂ ಹಾಗೇ, ಕೋಲಾರದಿಂದ ಒಯ್ದಿದ್ದ ಹುರಿಗಾಳು ಅಂಗೈಯಲ್ಲಿಟ್ಟುಕೊಂಡು ಅರ್ಧ ಗಂಟೆ ಗೋಡೆ ನೋಡುತ್ತಾ ಕೂತಿದ್ದ.

ಇಬ್ಬರೂ ಒಂದೇ ಹೊತ್ತಿಗೆ ಮಲಗಿ, ಎದ್ದ ಕೂಡಲೇ ಜೋರು ಲೈಟು ಹಾಕಿ. ಆಮೇಲೆ ಅಡುಗೆ ಪಾಳಿಯಲ್ಲಿ ಇಬ್ಬರೇ ಇರುವಾಗ ಕೇಳಿ, ಊಟದ ಹೊತ್ತಲ್ಲಿ ಎಲ್ಲರೆದುರು ಬೇಡ, ಅಷ್ಟು ಕಡಿಮೆ ಜನರ ನಡುವೆ ಗುಟ್ಟು ನಿಲ್ಲುವುದಿಲ್ಲ. ಹೆಣ್ಣು ನೋಡಿದ್ದೀವಿ ಅಂತ ತುಮಕೂರಿನಿಂದ ಫೋನ್ ಬಂದಿರಲೂಬಹುದು, ಅಲ್ವಾ? ಅದನ್ನೂ ಕೇಳಿ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಅಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬಿಡುವ ಮಾತು ಮಾತ್ರ ಜುಲೈ ಕೊನೆಗೆ, ಸೂರ್ಯ ಬಂದ ಮೇಲೆ.