ಮೊದಲ ಕೇಸು ಅಂದರೆ ಮೊದಲ ಏಟು ಅಲ್ಲ
ಹೆಂಡತಿಗೆ ಹೊಡೆದವನಿಗೂ ‘ಮೊದಲ ತಪ್ಪು, ಒಳ್ಳೆ ನಡತೆ’ ಅಂತ ಶಿಕ್ಷೆ ಯಾಕೆ ಇಳಿಸುತ್ತಾರೆ ಅಂತ ಕೇಳಿದ್ದೀರಿ. ಹಳೇ ಕೇಸು ಇಲ್ಲದಿರುವುದು, ತಪ್ಪೊಪ್ಪಿಗೆ, ವಯಸ್ಸು ಇವನ್ನೆಲ್ಲ ಬಹಳಷ್ಟು ದೇಶಗಳ ಕೋರ್ಟುಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಕಳ್ಳತನದ ಕೇಸಿಗೆ ಅದು ಸರಿಯೇ ಇರಬಹುದು. ಆದರೆ ಮನೆಯೊಳಗಿನ ಹೊಡೆತದಲ್ಲಿ ಮೊದಲ ಕೇಸು ಅಂದರೆ ಎಷ್ಟೋ ಸಲ ಅವಳು ಮೊದಲ ಬಾರಿ ದೂರು ಕೊಟ್ಟಳು ಅಂತಷ್ಟೇ, ಅಲ್ವಾ? ಹೊರಗಿನವರ ಮುಂದೆ ಒಳ್ಳೆ ನಡತೆ ಯಾರಿಗಿಲ್ಲ!

ಮನೆಯ ಹೊರಗಿನ ಕೇಸಿನಲ್ಲೂ ಇಂಥ ರಿಯಾಯಿತಿ ಸಿಕ್ಕಿದ್ದುಂಟು: 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಪ್ರಜ್ಞೆ ತಪ್ಪಿದ್ದ ಯುವತಿಯ ಮೇಲೆ ಲೈಂಗಿಕ ದಾಳಿ ಮಾಡಿದ ಕಾಲೇಜು ಈಜುಗಾರನಿಗೆ ಸಿಕ್ಕಿದ್ದು 6 ತಿಂಗಳು, 3 ತಿಂಗಳಿಗೇ ಹೊರಗೆ ಬಂದ. 2018ರಲ್ಲಿ ಮತದಾರರು ಆ ನ್ಯಾಯಾಧೀಶರನ್ನೇ ಕೆಳಗಿಳಿಸಿದರು. ಇಂಗ್ಲೆಂಡ್, ವೇಲ್ಸ್‌ನಲ್ಲಾದರೆ ಕೆಲವು ಅಪರಾಧಗಳಲ್ಲಿ ಶಿಕ್ಷೆ ಕಮ್ಮಿ ಆಯಿತು ಅಂತ ಯಾರು ಬೇಕಾದರೂ ಶಿಕ್ಷೆಯಾದ 28 ದಿನದೊಳಗೆ, ಸರ್ಕಾರದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್‌ಗೆ ಮರುಪರಿಶೀಲನೆ ಕೇಳಿ ಬರೆಯಬಹುದು.